ಭಾರ ಹೊರುವ ಮೇಜು

ನಮ್ಮ ವಾಚನಾಲಯಕ್ಕೆ ಬರುವ ಸದಸ್ಯರಲ್ಲಿ ಹಲವರು ಈಗ ಮನೆಯಲ್ಲಿಯೂ ಕಂಪ್ಯೂಟರು ಇಟ್ಟುಕೊಂಡಿದ್ದಾರೆ. ಮಕ್ಕಳ ಪಾಠ, ಭವಿಷ್ಯನಿಧಿಯ ಲೆಕ್ಕ, ಊರಿಗೆ ಹೋಗುವ ರೈಲಿನ ಟಿಕೇಟು, ಎಲ್ಲವೂ ಅದರಲ್ಲಿಯೇ ನಡೆಯುವುದು. ಕಂತಿನ ಸಾಲದಲ್ಲಿ ಕೊಂಡ ಇಂಥ ಯಂತ್ರವನ್ನು ಅಲುಗಾಡುವ ಮೇಜಿನ ಮೇಲೆ ಕೂರಿಸುವುದು ತರವಲ್ಲ. ಗಟ್ಟಿಮೇಜನ್ನು ನಾವೇ ಮಾಡಿಕೊಳ್ಳಬಹುದು.

ಮೊದಲು ಭಾರದ ಲೆಕ್ಕ. ಇಂದಿನ ತೆಳು ಪರದೆ ನಾಲ್ಕೈದು ಕಿಲೋ ಮಾತ್ರ. ಹಳೆಯ ಗಾಜಿನ ಕೊಳವೆಯ 17 ಅಂಗುಲದ ಪರದೆಯಾದರೆ 15 ಕಿಲೋ ತೂಗುವುದು. ಪೆಟ್ಟಿಗೆ, ಲೇಸರ್ ಪ್ರಿಂಟರು, ಯು.ಪಿ.ಎಸ್. ಸೇರಿದರೆ 40 ಕಿಲೋ ಆಯಿತು. ಹರಟೆಗೆ ಬಂದ ಮಿತ್ರರು ಮೇಜಿನ ಮೂಲೆಯ ಮೇಲೆಯೇ ಕುಳಿತುಬಿಟ್ಟರೆ ಇನ್ನೊಂದು 60 ಕಿಲೋ! ಆದುದರಿಂದ 100 ಕಿಲೋ ಎಂದೇ ಹಿಡಿಯೋಣ.

ಮೇಲ್ಹಲಗೆಗೆ 19 ಮಿಲಿಮೀಟರಿನ ಪ್ಲೈವುಡ್ಡು ಸಾಕು, ಆದರೆ ಎರಡು ಪದರ ಬೇಕು. 8 ಅಡಿಗೆ 4 ಅಡಿಯ ಒಂದು ಹಾಳೆ ತಂದರೆ, ಅರ್ಧದಲ್ಲಿ 4 ಅಡಿ ಉದ್ದ 2 ಅಡಿ ಅಗಲದ ಎರಡು ಹಲಗೆಗಳು ಬರುತ್ತವೆ. ಇಲ್ಲೊಂದು ಸ್ವಾರಸ್ಯವಿದೆ. ಎರಡು ಹಲಗೆಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಾಗು ಅರ್ಧಕ್ಕೆ ಇಳಿಯುವುದು. ಅವನ್ನೇ ಪೂರ್ತಿಯಾಗಿ ಅಂಟು ಬಳಿದು ಒಂದಾಗಿಸಿದರೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುವುದು. ಬಿಡಿಯಾಗಿದ್ದಾಗ ಪದರಗಳು ಒಂದರ ಮೇಲೊಂದು ಜಾರುತ್ತವೆ, ಅಂಟು ಆ ಜಾರುವಿಕೆಯನ್ನು ತಡೆಯುತ್ತದೆ. ಆದ್ದರಿಂದ ಅಂಟಿನಲ್ಲಿ ಜಿಪುಣತನ ಬೇಡ. ಬಳಿದ ಮೇಲೆ ತಳದಿಂದ ಸ್ಕ್ರೂ ಬಿಗಿದು, ಒಂದು ದಿನ ಭಾರ ಹೇರಿಡಿರಿ.

ಹಲಗೆಯ ಕೆಳಗೆ ಸುತ್ತಲೂ ಬರುವ ಪಟ್ಟಿ 4 ಅಂಗುಲಕ್ಕೆ 1 ಅಂಗುಲದ್ದಿರಲಿ. ಅದನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿರಿ. ಅದೇ ಮರ ಹದಿನಾರು ಪಟ್ಟು ಬಿಗಿಯಾಗುವುದು, ಒಂದು ಕಾಸೂ ಹೆಚ್ಚು ಬೀಳದು. ಊರಿನ ಮನೆಗಳಲ್ಲಿ ತೊಲೆಯನ್ನು ಹೇಗೆ ಕೂರಿಸಿದ್ದಾರೆಂದು ನೆನೆಸಿಕೊಂಡರೆ ವಿಷಯ ತಿಳಿಯುವುದು. ಕಾಲುಗಳು 3 ಅಂಗುಲ ಚೌಕದವು, ಎತ್ತರ ಹಲಗೆಯೂ ಸೇರಿ 29 ಅಂಗುಲ. ಕುಳ್ಳಗಿನವರು ಒಂದೆರಡು ಅಂಗುಲ ತಗ್ಗಿಸಿಕೊಳ್ಳಲಿ. ಬೆರಳಚ್ಚು ಮಾಡುವಾಗ ಮೊಣಕೈ ಮೇಲೆತ್ತಬೇಕಾದರೆ ಭುಜ ನೋಯುವುದು.

ಮೇಜು ಹಾಳಾಗುವುದು ಭಾರಕ್ಕಿಂತ ಓಲಾಟದಿಂದಲೇ ಹೆಚ್ಚು. ನಾಲ್ಕು ಮೂಲೆಯ ಚೌಕಟ್ಟು ಪಕ್ಕಕ್ಕೆ ವಾಲಬಲ್ಲದು, ತ್ರಿಕೋನ ವಾಲಲಾರದು. ದನದ ಹಟ್ಟಿಯ ಬಾಗಿಲಿಗೆ ಓರೆಪಟ್ಟಿ ಹೊಡೆಯುವುದು ಇದಕ್ಕಾಗಿಯೇ. ಉಳಿದ ಪ್ಲೈವುಡ್ಡಿನಲ್ಲಿ 1 ಅಡಿ ಅಗಲದ ತುಂಡನ್ನು ಹಿಂಬದಿಯ ಕಾಲುಗಳ ನಡುವೆ ಬಿಗಿದರೆ ಓರೆಪಟ್ಟಿಯ ಕೆಲಸವನ್ನು ಅದೇ ಮಾಡುವುದು.

ಮರ ಕೊಳ್ಳುವಾಗ ಭಾಷೆಯ ತೊಡಕಾಗದಿರಲಿ. ಬಡಗಿಗೆ ಇಲ್ಲಿ ವಡ್ರಂಗಿ ಎನ್ನುತ್ತಾರೆ. ಬೇವು ವೇಪ, ಮಾವು ಮಾಮಿಡಿ, ಗೆದ್ದಲು ಚೆದಲು. ತೇಗ ಉತ್ತಮ, ಆದರೆ ನಮ್ಮ ಸಂಬಳಕ್ಕೆ ಭಾರ. ಚೆನ್ನಾಗಿ ಒಣಗಿದ ಬೇವೂ ಸಾಲುವುದು. ವಿಜಯವಾಡದ ಬಳಿಯ ಕೊಂಡಪಲ್ಲಿಯ ಗೊಂಬೆಗಳಿಗೆ ಬಳಸುವ ತೆಲ್ಲ ಪೊಣಿಕಿ ಮರ ಬಲು ಹಗುರ, ಮೃದು. ಮೇಜಿನ ಕಾಲಿಗೆ ಆಗದು. (ವಿಶಾಖಪಟ್ಟಣದ ಕಡೆಯ ಏಟಿಕೊಪ್ಪಾಕದ ಗೊಂಬೆಗಳ ಅಂಕುಡು ಮರವೂ ನಮ್ಮ ಚನ್ನಪಟ್ಟಣದ ಹಾಲೆಮರವೂ ಒಂದೇ ಎಂಬುದು ಸದಸ್ಯರಿಗೆ ಸಂತೋಷದ ಸಂಗತಿಯಾದೀತು.) ಮರದ ಹೊಟ್ಟನ್ನು ಒತ್ತಿ ಮಾಡಿದ ಅಗ್ಗದ ಹಲಗೆಯನ್ನು ಮಾತ್ರ ಮುಟ್ಟಬೇಡಿರಿ. ನೀರು ತಾಗಿದೊಡನೆ ಉಬ್ಬಿ, ಸ್ಕ್ರೂ ಹಿಡಿತ ಬಿಡುವುದು. ಕೈಯಲ್ಲಿ ಹಣವಿದ್ದರೆ ಐ.ಎಸ್. 710 ಗುರುತಿನ ಪ್ಲೈವುಡ್ಡನ್ನೇ ಕೇಳಿರಿ; ಅದು ನೀರಿಗೆ ತಾಳುವ ದರ್ಜೆಯದು.

ಕಾಲು ಮತ್ತು ಪಟ್ಟಿಗಳನ್ನು ಮೊಳೆ ಹೊಡೆಯದೆ ಬೋಲ್ಟು, ನಟ್ಟು, ಅಗಲ ವಾಷರುಗಳಿಂದ ಜೋಡಿಸಿರಿ. ವಿಶಾಖಪಟ್ಟಣದ ಕಡಲಗಾಳಿಗೆ ಬರೀ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಸತುವು ಲೇಪಿಸಿದವು ಇಲ್ಲವೆ ಸ್ಟೇನ್‌ಲೆಸ್ ಸ್ಟೀಲಿನವು ಬೇಕು. ಬೋಲ್ಟಿನ ಮೇಜನ್ನು ಬಿಚ್ಚಿ ಸಾಗಿಸಬಹುದು. ಬಾಡಿಗೆ ಮನೆ ಬದಲಿಸುವ ನಮಗೆ ಇದು ಸಣ್ಣ ಅನುಕೂಲವಲ್ಲ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಮನೆಗಳಿಗೆ ನೀರು ನುಗ್ಗಿದಾಗ ಸಾಮಾನನ್ನು ಮಹಡಿಗೆ ಏರಿಸಬೇಕಾದವರ ಪಾಡು ನಮಗೆ ಗೊತ್ತೇ ಇದೆ. ಕಾಲುಗಳ ನಡುವೆ, ನೆಲದಿಂದ 9 ಅಂಗುಲ ಮೇಲೆ, ಯು.ಪಿ.ಎಸ್.ಗೆ ಒಂದು ಹಲಗೆ ಹಾಕಿರಿ. ಅಂಥ ನೆರೆಗೆ ಅದು ಸಾಲದು, ನೆಲ ತೊಳೆಯುವ ನೀರಿಗೆ ಸಾಕು. ಭಾರ ಕೆಳಗಿದ್ದರೆ ಮೇಜೂ ನೆಲಕಚ್ಚಿ ನಿಲ್ಲುವುದು. ಇನ್ವರ್ಟರಿನ ದೊಡ್ಡ ಬ್ಯಾಟರಿ 50 ಕಿಲೋ ಮೀರುವುದುಂಟು. ಅದನ್ನು ಮೇಜಿಗೆ ಹತ್ತಿಸದೆ, ಗಾಳಿಯಾಡುವ ಬೇರೆ ಜಾಗದಲ್ಲಿಡಿ.

ಯಂತ್ರ ಇಡುವ ಮುನ್ನ 25 ಕಿಲೋದ ನಾಲ್ಕು ಅಕ್ಕಿ ಮೂಟೆಗಳನ್ನು ಮೇಜಿನ ನಡುವೆ ಪೇರಿಸಿ, ಒಂದು ರಾತ್ರಿ ಬಿಡಿರಿ. ಬೆಳಿಗ್ಗೆ ಮುಂದಿನ ಅಂಚಿನುದ್ದಕ್ಕೂ ದಾರ ಎಳೆದು ಹಿಡಿದು ನೋಡಿರಿ. ದಾರಕ್ಕೂ ಹಲಗೆಗೂ ನಡುವೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ, ಹಲಗೆಯ ಅಡಿಯಲ್ಲಿ ಉದ್ದಕ್ಕೆ ಇನ್ನೊಂದು ಪಟ್ಟಿ ನಿಲ್ಲಿಸಿ ಬಿಗಿಯಿರಿ.