ಗಾಜಿನ ಹಿಂದಿನ ಗೊಂಬೆ: ಅಳತೆ ಯಾರದು?

ಭಾದ್ರಪದ ಮಾಸದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಅನೇಕ ಮನೆಗಳಲ್ಲಿ ಜ್ಯೇಷ್ಠಾ ಗೌರಿಯರನ್ನು, ಮನೆಮಾತಿನಲ್ಲಿ ಹೇಳುವುದಾದರೆ ಮಹಾಲಕ್ಷ್ಮಿಯರನ್ನು, ಕೂಡ್ರಿಸುವ ಪದ್ಧತಿಯಿದೆ. ಸ್ಟ್ಯಾಂಡಿನ ಮೇಲೆ ಮುಖವನ್ನಿರಿಸಿ, ಕೈಗಳನ್ನು ಜೋಡಿಸಿ, ನಿರಿಗೆ ಹಿಡಿದು ಸೀರೆಯುಡಿಸಿ, ಆಭರಣ ತೊಡಿಸಿ, ಸುತ್ತಲೂ ಆಟಿಕೆ, ಫಲಹಾರಗಳನ್ನು ಒಪ್ಪವಾಗಿ ಜೋಡಿಸುತ್ತಾರೆ. ಈ ಕೆಲಸದಲ್ಲಿ ಕೈ ಪಳಗಿದ ಹಿರಿಯ ಹೆಂಗಳೆಯರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಬರಿಯ ಸ್ಟ್ಯಾಂಡಿಗೆ ಸೀರೆ ಚೆಂದವಾಗಿ ನಿಲ್ಲುವುದಿಲ್ಲ. ಒಳಗೆ ಬಟ್ಟೆ ಸುತ್ತಿ ಮೈ ತುಂಬಿಸಬೇಕು, ಕಾಣದಂತೆ ಪಿನ್ನು ಚುಚ್ಚಬೇಕು. ನೋಡುವವರಿಗೆ ಕಾಣುವ ಸೊಬಗಿನ ಹಿಂದೆ ಕಾಣದ ಏರ್ಪಾಡು ಇರುತ್ತದೆ.

ಮನೆಯಲ್ಲಿ ನಡೆಯುವುದು ಪೂಜೆ, ಪೇಟೆಯಲ್ಲಿ ನಡೆಯುವುದು ವ್ಯಾಪಾರ, ಉದ್ದೇಶಗಳು ಬೇರೆ. ಆದರೆ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಂತಿರುವ ಗೊಂಬೆಯ ಕೈಕೆಲಸಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಪೇಟೆಯವರು ಅದನ್ನು ಡಮ್ಮಿ ಎನ್ನುತ್ತಾರೆ, ವೃತ್ತಿಯವರು ಮ್ಯಾನಿಕಿನ್ ಎನ್ನುತ್ತಾರೆ. ಪುಟ್ಟ ಮನುಷ್ಯ ಎಂಬ ಅರ್ಥದ ಹಳೆಯ ಡಚ್ ಶಬ್ದವೊಂದು ಇದರ ಮೂಲ. ದೀಪಾವಳಿಯ ಬಟ್ಟೆಗೆಂದು ಮಕ್ಕಳೊಡನೆ ಪೇಟೆಗೆ ಹೋದ ತಂದೆತಾಯಂದಿರು ಒಂದು ನೋಟವನ್ನು ಕಂಡಿರುತ್ತಾರೆ. ಗೊಂಬೆಯ ಮೇಲೆ ಚೆಂದ ಕಂಡ ಉಡುಪು ತನ್ನ ಮೇಲೆ ಹಾಗೆ ಕೂರದಿದ್ದಾಗ ಮಗು ಕನ್ನಡಿಯ ಮುಂದೆ ಮುಖ ಸಣ್ಣದು ಮಾಡಿಕೊಳ್ಳುತ್ತದೆ. ಉಡುಪಿನಲ್ಲಿ ದೋಷ ಹುಡುಕದೆ ತನ್ನ ಮೈಯಲ್ಲಿ ದೋಷ ಹುಡುಕುತ್ತದೆ. ಈ ಕೊರಗಿಗೆ ಉತ್ತರ ಗೊಂಬೆ ತಯಾರಿಸುವವರ ಕಾರ್ಯಾಗಾರದಲ್ಲಿದೆ.

ಮೇಣದ ಮುಖ, ಕಬ್ಬಿಣದ ಪಾದ

ಯುರೋಪಿನಲ್ಲಿ 19ನೆಯ ಶತಮಾನದಲ್ಲಿ ಮೂರು ಬದಲಾವಣೆಗಳು ಕೂಡಿಬಂದವು. ದೊಡ್ಡ ಗಾಜಿನ ಹಲಗೆಗಳನ್ನು ತಯಾರಿಸುವುದು ಸಾಧ್ಯವಾಯಿತು, ಸಿದ್ಧ ಉಡುಪುಗಳ ಮಾರಾಟ ಬೆಳೆಯಿತು, ರಾತ್ರಿಯ ಬೀದಿಗೆ ಬೆಳಕು ಬಂದಿತು. ಬಟ್ಟೆಯನ್ನು ಮಡಿಸಿಟ್ಟು ಮಾರುತ್ತಿದ್ದ ವರ್ತಕನು ಅದನ್ನು ಮೈಮೇಲೆ ತೊಡಿಸಿ ತೋರಿಸಲು ಬಯಸಿದನು. ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಸ್ಟಾಕ್‌ಮನ್ 1867ರಲ್ಲಿ ಸ್ಥಾಪಿಸಿದ ಸಂಸ್ಥೆಯು ಕಾಗದದ ತಿರುಳಿನಿಂದ ದರ್ಜಿಗಳ ಬಸ್ಟುಗಳನ್ನು ತಯಾರಿಸಿ ಹೆಸರಾಯಿತು. ಪೂರ್ಣಾಕೃತಿಯ ಗೊಂಬೆಗಳಿಗೆ ಮೇಣದ ಮುಖ, ಗಾಜಿನ ಕಣ್ಣು, ಎಳೆ ಎಳೆಯಾಗಿ ನೆಟ್ಟ ನಿಜವಾದ ಕೂದಲು ಇರುತ್ತಿದ್ದವು. ಮಗುಚಿ ಬೀಳದಿರಲೆಂದು ಪಾದಗಳನ್ನು ಕಬ್ಬಿಣದಿಂದ ಮಾಡುತ್ತಿದ್ದರು. ಬಿಸಿಲು, ದೀಪಗಳ ಶಾಖ ಹೆಚ್ಚಾದರೆ ಮೇಣ ಮೆತ್ತಗಾಗಿ ಮುಖ ವಿಕಾರಗೊಳ್ಳುತ್ತಿತ್ತು.

ಅಮೆರಿಕದಲ್ಲಿ 1930ರ ದಶಕದಲ್ಲಿ ಲೆಸ್ಟರ್ ಗಾಬಾ ಎಂಬ ಶಿಲ್ಪಿ ಪ್ಲಾಸ್ಟರಿನಿಂದ ಜೀವಂತಿಕೆಯುಳ್ಳ ಗೊಂಬೆಗಳನ್ನು ಮಾಡಿದರು. ಸ್ನಾನದ ಸಾಬೂನಿನಲ್ಲಿ ಕೆತ್ತುವುದು ಅವರ ಮೊದಲ ವಿದ್ಯೆ. ಅವರ 'ಸಿಂಥಿಯಾ' ಎಂಬ ಗೊಂಬೆ ಎಷ್ಟು ಪ್ರಸಿದ್ಧವಾಯಿತೆಂದರೆ 1937ರಲ್ಲಿ ಲೈಫ್ ಪತ್ರಿಕೆ ಅದರ ಚಿತ್ರಗಳನ್ನು ಪ್ರಕಟಿಸಿತು. ಒಂದು ದಿನ ಅದು ಕುರ್ಚಿಯಿಂದ ಜಾರಿಬಿದ್ದು ಚೂರುಚೂರಾಯಿತು. ಪ್ಲಾಸ್ಟರಿನ ದೌರ್ಬಲ್ಯವೇ ಅದು: ಭಾರವೂ ಹೆಚ್ಚು, ಒಡೆಯುವ ಭಯವೂ ಹೆಚ್ಚು. ಎರಡನೆಯ ಮಹಾಯುದ್ಧದ ಬಳಿಕ ಹಗುರವೂ ಗಟ್ಟಿಯೂ ಆದ ಫೈಬರ್‌ಗ್ಲಾಸ್ ಆ ಸ್ಥಾನಕ್ಕೆ ಬಂದಿತು.

ತಗಡಿನ ಮನುಷ್ಯನ ಕಥೆ

ಗಾಜಿನ ಕಿಟಕಿಯಲ್ಲಿ ಗೊಂಬೆಯೊಂದೇ ಇರುವುದಿಲ್ಲ. ಮಳೆಗಾಲದ ಉಡುಪಿಗೆ ಬೃಹತ್ ಕೊಡೆ, ಶಾಲಾ ಸಮವಸ್ತ್ರಕ್ಕೆ ಆಳೆತ್ತರದ ಪೆನ್ಸಿಲು, ಹಬ್ಬದ ಬಟ್ಟೆಗೆ ಕಾಗದದ ಆಕಾಶಬುಟ್ಟಿ ಬೇಕಾಗುತ್ತವೆ. ಈ ಪರಿಕರಗಳನ್ನು ಕಲ್ಪಿಸಿ ಕಟ್ಟುವುದು ಗೊಂಬೆ ತಯಾರಿಕೆಯ ಸೋದರ ವೃತ್ತಿ. ಥರ್ಮೋಕೋಲನ್ನು ಕಾದ ತಂತಿಯಿಂದ ಕೊಯ್ದು, ಅದರ ಮೇಲೆ ಕಾಗದ ಅಂಟಿಸಿ ಬಣ್ಣ ಬಳಿದರೆ ಅದು ಕಲ್ಲಿನ ಕಂಬವೂ ಆಗಬಲ್ಲದು, ಕಲ್ಲಂಗಡಿ ಹಣ್ಣೂ ಆಗಬಲ್ಲದು. ಗಾಳದ ನೈಲಾನ್ ದಾರದಲ್ಲಿ ತೂಗುಬಿಟ್ಟ ಹಕ್ಕಿ ಹಾರುತ್ತಿರುವಂತೆ ತೋರುತ್ತದೆ.

ಈ ವೃತ್ತಿಗೆ ಮೊದಲ ಶಾಸ್ತ್ರಗ್ರಂಥಗಳಲ್ಲಿ ಒಂದನ್ನು ಬರೆದವರು ಮಕ್ಕಳ ಕಥೆಗಾರರೆಂದರೆ ಅನೇಕರಿಗೆ ಅಚ್ಚರಿಯಾದೀತು. ಎಲ್. ಫ್ರಾಂಕ್ ಬಾಮ್ ಅವರು ಷಿಕಾಗೋ ನಗರದಲ್ಲಿ 1897ರಿಂದ ಅಂಗಡಿಗಳ ಕಿಟಕಿ ಅಲಂಕಾರಕ್ಕೆಂದೇ 'ದಿ ಷೋ ವಿಂಡೋ' ಎಂಬ ಪತ್ರಿಕೆಯನ್ನು ನಡೆಸಿದರು. ಆ ವಿಷಯದ ಅವರ ಪುಸ್ತಕವೂ, ಲೋಕಪ್ರಸಿದ್ಧವಾದ 'ದಿ ವಂಡರ್‌ಫುಲ್ ವಿಝರ್ಡ್ ಆಫ್ ಆಝ್' ಕಥೆಯೂ ಒಂದೇ ವರ್ಷ, 1900ರಲ್ಲಿ, ಪ್ರಕಟವಾದವು. ಆ ಕಥೆಯ ತಗಡಿನ ಮನುಷ್ಯ ಹುಟ್ಟಿದ್ದು ಕಿಟಕಿಯ ಅಲಂಕಾರದಲ್ಲಿಯೇ ಎಂದು ಬಾಮ್ ಅವರ ಮಗ ಹೇಳಿದ್ದಾರೆ. ಬಟ್ಟೆ ಕುದಿಸುವ ಹಂಡೆಯನ್ನು ಮೈಯಾಗಿಸಿ, ಒಲೆಯ ಹೊಗೆಕೊಳವೆಗಳನ್ನು ಕೈಕಾಲಾಗಿಸಿ, ಲಾಳಿಕೆಯನ್ನು ಟೋಪಿಯಾಗಿಸಿ ಒಂದು ಆಕೃತಿಯನ್ನು ಕಟ್ಟಿದ್ದರಂತೆ. ಹೀಗೆ ಗೃಹಬಳಕೆಯ ವಸ್ತುಗಳೇ ಕಥಾಪಾತ್ರವಾದವು.

ಮಣ್ಣಿನಿಂದ ಅಚ್ಚಿಗೆ, ಅಚ್ಚಿನಿಂದ ಮೂರ್ತಿಗೆ

ಫೈಬರ್‌ಗ್ಲಾಸ್ ಗೊಂಬೆಯ ಹುಟ್ಟು ಮಣ್ಣಿನಲ್ಲಿಯೇ. ಕಬ್ಬಿಣದ ಸಲಾಕೆ ಮತ್ತು ತಂತಿಗಳಿಂದ ಅಸ್ಥಿಪಂಜರ ಕಟ್ಟಿ, ಅದರ ಮೇಲೆ ಜೇಡಿಮಣ್ಣು ಮೆತ್ತಿ ಶಿಲ್ಪಿಯು ಮೂಲಮೂರ್ತಿಯನ್ನು ರೂಪಿಸುತ್ತಾನೆ. ಒಳ್ಳೆಯ ಕಾರ್ಯಾಗಾರಗಳಲ್ಲಿ ಎದುರಿಗೆ ಒಬ್ಬ ವ್ಯಕ್ತಿಯನ್ನು ನಿಲ್ಲಿಸಿಕೊಂಡು ಅಳತೆ ತೆಗೆಯುತ್ತಾರೆ. ನಾವು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಭುಜ ತುಸು ಇಳಿಯುತ್ತದೆ. ಈ ಸಣ್ಣ ಓರೆಯನ್ನು ಹಿಡಿಯದಿದ್ದರೆ ಗೊಂಬೆ ಕಂಬದಂತೆ ನಿಲ್ಲುತ್ತದೆ. ಈಗ ಕೆಲವೆಡೆ ಕಂಪ್ಯೂಟರಿನಲ್ಲಿ ರೂಪಿಸಿ ತ್ರೀಡಿ ಮುದ್ರಣದಿಂದ ಮೂಲಮೂರ್ತಿಯನ್ನು ತೆಗೆಯುವುದೂ ಉಂಟು.

ಮುಂದಿನ ಪ್ರಶ್ನೆ, ಮೂರ್ತಿಯನ್ನು ಎಲ್ಲೆಲ್ಲಿ ಬಿಡಿಸಬೇಕು ಎಂಬುದು. ಗೊಂಬೆ ತಾನಾಗಿ ಕೈಯೆತ್ತಿ ಅಂಗಿ ತೊಡುವುದಿಲ್ಲ, ಕಾಲೆತ್ತಿ ಪ್ಯಾಂಟು ಏರಿಸಿಕೊಳ್ಳುವುದಿಲ್ಲ. ಆದ್ದರಿಂದ ಭುಜ, ಮಣಿಕಟ್ಟು, ಸೊಂಟಗಳಲ್ಲಿಯೂ ಎಷ್ಟೋ ವೇಳೆ ಒಂದು ಕಾಲಿನ ಬುಡದಲ್ಲಿಯೂ ಬೇರ್ಪಡಿಸಿ ಜೋಡಿಸುವ ಸಂದುಗಳಿರುತ್ತವೆ.

ಬಳಿಕ ಮಣ್ಣಿನ ಮೂರ್ತಿಯ ಮೇಲೆ ಪ್ಲಾಸ್ಟರಿನ ಅಚ್ಚು ತೆಗೆಯುತ್ತಾರೆ. ಗಣಪತಿಯ ಮೂರ್ತಿಕಾರರು ಅಚ್ಚು ಬಳಸುವುದನ್ನು ಕಂಡವರಿಗೆ ಈ ಹಂತ ಹೊಸದಲ್ಲ. ಅಚ್ಚಿನ ಒಳಮೈಗೆ ಮೇಣ ಸವರಿ, ಮೊದಲು ಜೆಲ್‌ಕೋಟ್ ಎಂಬ ನುಣುಪಾದ ಪದರ ಬಳಿದು, ಅನಂತರ ಗಾಜಿನ ನಾರಿನ ಹಾಳೆಗಳನ್ನು ರೆಸಿನ್ನಿನಲ್ಲಿ ನೆನೆಸಿ ಪದರ ಪದರವಾಗಿ ಒತ್ತುತ್ತಾರೆ. ರೆಸಿನ್ನಿಗೆ ಹಾರ್ಡನರ್ ಬೆರೆಸಿದ ಮೇಲೆ ಅದು ಬೇಗನೆ ಗಟ್ಟಿಯಾಗತೊಡಗುವುದರಿಂದ ಕೈಚಳಕ ಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ಆ ಜಾಗ ಮುಂದೆ ಒಡೆಯುತ್ತದೆ. ಗಟ್ಟಿಯಾದ ಚಿಪ್ಪುಗಳನ್ನು ಜೋಡಿಸಿ, ಮರಳುಕಾಗದದಿಂದ ಉಜ್ಜಿ, ಬಣ್ಣ ಸಿಂಪಡಿಸಿ, ಕೊನೆಗೆ ಕಣ್ಣು ತುಟಿಗಳನ್ನು ಕುಂಚದಿಂದ ಬರೆಯುತ್ತಾರೆ.

ಈ ಕೆಲಸದಲ್ಲಿ ಅಪಾಯವೂ ಇದೆ. ರೆಸಿನ್ನಿನ ಆವಿ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಉಜ್ಜುವಾಗ ಏಳುವ ಗಾಜಿನ ನಾರಿನ ಧೂಳು ಚರ್ಮಕ್ಕೆ ಚುಚ್ಚುತ್ತದೆ, ಶ್ವಾಸಕೋಶಕ್ಕೂ ಇಳಿಯುತ್ತದೆ. ಗಾಳಿಯಾಡುವ ಸ್ಥಳ, ಸರಿಯಾದ ಮುಖಗವಸು, ಕೈಗವಸುಗಳಿಲ್ಲದೆ ಇದನ್ನು ಮಾಡಬಾರದು. ಮಕ್ಕಳು ಮನೆಯಲ್ಲಿ ಪ್ರಯೋಗಿಸಬಹುದಾದದ್ದು ಮಣ್ಣು, ಕಾಗದದ ತಿರುಳು ಮತ್ತು ಗೋಂದು ಮಾತ್ರ.

ತೆಳ್ಳಗಿನ ಗೊಂಬೆಯ ಗುಟ್ಟು

ಗೊಂಬೆ ಏಕೆ ಅಷ್ಟು ತೆಳ್ಳಗೆ, ಅಷ್ಟು ಎತ್ತರ? ಒಂದು ಕಾರಣ ಕೆಲಸದ ಅನುಕೂಲ. ಗೊಂಬೆಯ ಮೈ ಗಡುಸು. ನಮ್ಮ ಮೈಯಂತೆ ಅದು ಒತ್ತಿದರೆ ತಗ್ಗುವುದಿಲ್ಲ. ಮೈ ಸಣ್ಣದಿದ್ದರೆ ಉಡುಪು ಸಲೀಸಾಗಿ ಇಳಿಯುತ್ತದೆ, ಹೊಲಿಗೆ ಬಿಚ್ಚುವುದಿಲ್ಲ. ಉಳಿದ ಸಡಿಲನ್ನು ಬೆನ್ನ ಹಿಂದೆ ಒಟ್ಟುಮಾಡಿ ಪಿನ್ನು, ಕ್ಲಿಪ್ಪುಗಳಿಂದ ಬಿಗಿಯುತ್ತಾರೆ. ತೋಳು ತುಂಬಿ ಕಾಣಲು ಒಳಗೆ ತೆಳುಕಾಗದ ತುರುಕುತ್ತಾರೆ. ಮುಂದಿನಿಂದ ನೋಡಿದವರಿಗೆ ಉಡುಪು ಮೈಗೆ ಅಚ್ಚೊತ್ತಿದಂತೆ ಕಾಣುತ್ತದೆ. ಹಿಂದೆ ಹೋಗಿ ನೋಡಿದರೆ ಪಿನ್ನುಗಳ ಸಾಲು ಕಾಣುತ್ತದೆ. ಅಂದರೆ ಉಡುಪು ಗೊಂಬೆಗೂ ಸರಿಯಾಗಿ ಹೊಂದಿರುವುದಿಲ್ಲ, ಹೊಂದಿದಂತೆ ತೋರಿಸಲಾಗಿರುತ್ತದೆ.

ಇನ್ನೊಂದು ಕಾರಣ ಕಾಲಕಾಲದ ಅಭಿರುಚಿ. ಲಂಡನ್ನಿನ ಅಡೆಲ್ ರೂಟ್‌ಸ್ಟೈನ್ ಅವರ ಸಂಸ್ಥೆ 1966ರಲ್ಲಿ ಟ್ವಿಗ್ಗಿ ಎಂಬ ಅತಿ ಕೃಶಕಾಯದ ರೂಪದರ್ಶಿಯ ಪಡಿಯಚ್ಚಿನಂಥ ಗೊಂಬೆಯನ್ನು ತಯಾರಿಸಿತು. ಅದೇ ಸಂಸ್ಥೆ ಮರುವರ್ಷ ಕಪ್ಪು ವರ್ಣದ ರೂಪದರ್ಶಿ ಡೊನ್ಯೇಲ್ ಲೂನಾ ಅವರ ಗೊಂಬೆಯನ್ನೂ ಹೊರತಂದಿತು. ಯಾರ ಮೈ, ಯಾರ ಬಣ್ಣ ಗಾಜಿನ ಹಿಂದೆ ನಿಲ್ಲಬೇಕೆಂಬುದು ಮನುಷ್ಯರು ಮಾಡುವ ಆಯ್ಕೆ ಎಂಬುದಕ್ಕೆ ಇವೆರಡೂ ಸಾಕ್ಷಿ. ನಮ್ಮ ಪೇಟೆಗಳಲ್ಲಿ ನಿಂತ ಗೊಂಬೆಗಳಲ್ಲಿ ನಮ್ಮ ಮಕ್ಕಳ ಮೈಬಣ್ಣದವು ಎಷ್ಟಿವೆ ಎಂಬುದನ್ನು ಓದುಗರು ಒಮ್ಮೆ ಗಮನಿಸಿ ನೋಡಬಹುದು.

ವಿಜ್ಞಾನಿಗಳೂ ಗೊಂಬೆಗಳಿಗೆ ಅಳತೆಪಟ್ಟಿ ಹಿಡಿದಿದ್ದಾರೆ. ಫಿನ್ಲೆಂಡಿನ ಇಬ್ಬರು ಸಂಶೋಧಕರು ಹಳೆಯ ಮತ್ತು ಹೊಸ ಗೊಂಬೆಗಳನ್ನು ಅಳೆದು 1992ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಮಹಾಯುದ್ಧಕ್ಕೆ ಮೊದಲಿನ ಗೊಂಬೆಗಳು ಆರೋಗ್ಯವಂತ ಮಹಿಳೆಯರ ಅಳತೆಗೆ ಹತ್ತಿರವಿದ್ದವು. ತರುವಾಯದವು ತೆಳ್ಳಗಾಗುತ್ತ ಬಂದವು. ಇಂದಿನ ಗೊಂಬೆಯಷ್ಟು ಕೃಶಳಾದ ಹೆಣ್ಣುಮಗಳಲ್ಲಿ ಮಾಸಿಕ ಋತುಚಕ್ರ ನಡೆಯಲು ಬೇಕಾದಷ್ಟು ಕೊಬ್ಬೇ ಇರಲಾರದು ಎಂಬುದು ಅವರ ನಿರ್ಣಯ. ಬ್ರಿಟನ್ನಿನ ಎರಡು ನಗರಗಳ ಅಂಗಡಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪರಿಶೀಲಿಸಿದ ಹೆಣ್ಣು ಗೊಂಬೆಗಳೆಲ್ಲವೂ ಇರಬೇಕಾದುದಕ್ಕಿಂತ ಕಡಿಮೆ ತೂಕದ ದೇಹವನ್ನು ತೋರುತ್ತಿದ್ದವು. ಗಂಡು ಗೊಂಬೆಗಳಲ್ಲಿ ಅಂಥವು ಶೇಕಡಾ 8 ಮಾತ್ರ. ಗಾಜಿನ ಹಿಂದಿನ ಅಳತೆಯ ಹೊರೆ ಹೆಣ್ಣುಮಕ್ಕಳ ಮೇಲೆಯೇ ಹೆಚ್ಚು ಬೀಳುತ್ತದೆ ಎಂಬುದು ಇದರಿಂದ ಸ್ಪಷ್ಟ.

ಝೂರಿಕ್ ನಗರದ ಐದು ಗೊಂಬೆಗಳಲ್ಲ, ಐದು ಮನುಷ್ಯರು

ಬೇರೆ ಆಯ್ಕೆಯೂ ಸಾಧ್ಯವೆಂದು 2013ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ತೋರಿಸಲಾಯಿತು. ಅಂಗವಿಕಲರ ಸೇವಾಸಂಸ್ಥೆಯಾದ ಪ್ರೊ ಇನ್‌ಫರ್ಮಿಸ್, ಡೊಂಕು ಬೆನ್ನೆಲುಬಿನವರು, ಎಲುಬು ಸುಲಭವಾಗಿ ಮುರಿಯುವ ಕಾಯಿಲೆಯುಳ್ಳವರು ಮೊದಲಾದ ನಿಜವಾದ ವ್ಯಕ್ತಿಗಳ ಅಳತೆಗೆ ಸರಿಯಾಗಿ ಗೊಂಬೆಗಳನ್ನು ಮಾಡಿಸಿತು. ಡಿಸೆಂಬರ್ 3ರ ಅಂತರರಾಷ್ಟ್ರೀಯ ಅಂಗವಿಕಲರ ದಿನದ ಸಂದರ್ಭದಲ್ಲಿ ಅವುಗಳನ್ನು ಝೂರಿಕ್ ನಗರದ ಸಿರಿವಂತ ಅಂಗಡಿಬೀದಿಯ ಕಿಟಕಿಗಳಲ್ಲಿ ಹೊಸ ಉಡುಪು ತೊಡಿಸಿ ನಿಲ್ಲಿಸಲಾಯಿತು. ತಯಾರಿಕೆಯ ವೇಳೆ ಚಿತ್ರೀಕರಿಸಿದ ಚಲನಚಿತ್ರದಲ್ಲಿ, ಆ ವ್ಯಕ್ತಿಗಳು ತಮ್ಮದೇ ಆಕಾರವನ್ನು ಮೊದಲ ಬಾರಿಗೆ ಕಂಡು ಮುಟ್ಟಿ ನೋಡುವ ದೃಶ್ಯವಿದೆ. ಅದೇ ವಿದ್ಯೆ, ಅದೇ ಕೈಕೆಲಸ. ಮುಂದೆ ನಿಂತವರು ಮಾತ್ರ ಬೇರೆ.

ಒಂದು ದಾರ, ಒಂದು ಅಳತೆ

ಮಕ್ಕಳಿಗೆ ಇದನ್ನು ಉಪದೇಶದಿಂದ ಹೇಳಬೇಕಾಗಿಲ್ಲ. ಒಂದು ದಾರ ಸಾಕು. ನೆತ್ತಿಯಿಂದ ಗದ್ದದವರೆಗಿನ ಉದ್ದವನ್ನು ದಾರದಲ್ಲಿ ಗುರುತು ಮಾಡಿಕೊಂಡು, ಮನೆಯವರ ಒಟ್ಟು ಎತ್ತರದಲ್ಲಿ ಅಂಥ ಎಷ್ಟು ತಲೆಗಳಿವೆ ಎಂದು ಎಣಿಸಲಿ. ಬೆಳೆದವರಲ್ಲಿ ಸಾಮಾನ್ಯವಾಗಿ 7 ಅಥವಾ ಏಳೂವರೆ ಬರುತ್ತದೆ. ಹತ್ತು ವರ್ಷದವರಲ್ಲಿ ಅದಕ್ಕಿಂತ ಕಡಿಮೆ, ಕೂಸುಗಳಲ್ಲಿ ಸುಮಾರು 4. ಫ್ಯಾಷನ್ ಚಿತ್ರಗಳಲ್ಲಿ 8, 9 ತಲೆಗಳಷ್ಟು ಎತ್ತರ ಬರೆಯುವ ರೂಢಿಯಿದೆ. ಹೆಚ್ಚಿದ ಉದ್ದವೆಲ್ಲ ಬಹುಮಟ್ಟಿಗೆ ಕಾಲುಗಳಿಗೆ ಸೇರುತ್ತದೆ. ಪರಿಚಯದ ಅಂಗಡಿಯವರ ಅನುಮತಿ ಪಡೆದು ಗೊಂಬೆಯನ್ನೂ ಹೀಗೆಯೇ ಅಳೆಯಬಹುದು. ಹಿಂದೆ ಹೋಗಿ ಪಿನ್ನುಗಳನ್ನೂ ಎಣಿಸಬಹುದು.

ಇದರಲ್ಲಿ ಆಸಕ್ತಿ ಹುಟ್ಟಿದ ಮಗುವಿಗೆ ದಾರಿಗಳೂ ಇವೆ. ಮಹಾರಾಷ್ಟ್ರದ ಶಾಲೆಗಳಲ್ಲಿ ನಡೆಯುವ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ಮೊದಲ ಮೆಟ್ಟಿಲಾಗಬಲ್ಲವು. ಮುಂದೆ ಶಿಲ್ಪಕಲೆ, ರಂಗಸಜ್ಜಿಕೆ, ಅಂಗಡಿಗಳ ದೃಶ್ಯವಿನ್ಯಾಸಗಳನ್ನು ಕಲಿಸುವ ಕಲಾಶಾಲೆಗಳಿವೆ. ಗೊಂಬೆ ಮಾಡುವ ಕೈಗಳಲ್ಲಿ ನಮ್ಮ ಮಕ್ಕಳ ಕೈಗಳೂ ಸೇರಿದರೆ, ಗಾಜಿನ ಹಿಂದೆ ನಿಲ್ಲುವ ಮೈಕಟ್ಟಿನಲ್ಲಿ ನಮ್ಮ ಕಡೆಯ ಅಜ್ಜಿ, ಅತ್ತೆ, ಅಕ್ಕಂದಿರ ಛಾಯೆಯೂ ಬಂದೀತು. ಸದ್ಯಕ್ಕೆ ದಾರದ ಅಳತೆಗಳನ್ನು ವಹಿಯಲ್ಲಿ ಬರೆದುಕೊಂಡು ಮಕ್ಕಳು ಶಾಲೆಗೆ ಒಯ್ಯಲಿ. ಗಣಿತದ ಗುರುಗಳಿಗೆ ಅನುಪಾತದ ಪಾಠಕ್ಕೂ ಚಿತ್ರಕಲೆಯ ಗುರುಗಳಿಗೆ ಮಾನವಾಕೃತಿಯ ಪಾಠಕ್ಕೂ ಅವು ಒದಗಿ ಬರುತ್ತವೆ.