ಮನುಷ್ಯನ ಬದಲು ಗುಂಡಿಗಿಳಿಯುವ ಯಂತ್ರ

ಹಳೆಯ ಬಾವಿಯ ಹೂಳೆತ್ತಿಸುವಾಗ ನಮ್ಮ ಹಿರಿಯರು ಮೊದಲು ಮಾಡುತ್ತಿದ್ದ ಕೆಲಸವೊಂದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕಂಡಿರಬಹುದು, ಇಲ್ಲವೆ ಅಜ್ಜನ ಬಾಯಿಂದ ಕೇಳಿರಬಹುದು. ಹಗ್ಗದ ತುದಿಗೆ ಉರಿಯುವ ದೀಪವನ್ನು ಕಟ್ಟಿ ಬಾವಿಯೊಳಕ್ಕೆ ಮೆಲ್ಲನೆ ಇಳಿಬಿಡುವರು. ತಳ ಮುಟ್ಟುವವರೆಗೂ ದೀಪ ಉರಿಯುತ್ತಿದ್ದರೆ ಆಳು ಇಳಿಯಬಹುದು. ನಡುವೆಯೇ ನಂದಿತೆಂದರೆ ಯಾರೂ ಇಳಿಯಕೂಡದು. ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆಯುವವರೂ ಮೇಣದ ಬತ್ತಿಯನ್ನು ಹೊತ್ತಿಸಿ ಬಳಿಯಲ್ಲಿಟ್ಟುಕೊಂಡೇ ಒಳಗೆ ಸಾಗುವರು. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಇರಬೇಕಾದ ಆಮ್ಲಜನಕವು ಸುಮಾರು 16 ಪಾಲಿಗೆ ಇಳಿದಾಗ ಬತ್ತಿಯು ನಂದಿಹೋಗುತ್ತದೆ. ಕಣ್ಣಿಗೆ ಕಾಣದ ಅಪಾಯವನ್ನು ಕಾಣುವಂತೆ ಮಾಡುವ ಇಂತಹ ಸಾಧನವನ್ನು ಇಂದಿನ ಯಂತ್ರವಿಜ್ಞಾನಿಗಳು ‘ಸಂವೇದಕ’ ಎಂದು ಕರೆಯುತ್ತಾರೆ.

ಸಂವೇದಕವೊಂದರಿಂದಲೇ ಕೆಲಸ ಸಾಗದು. ದೀಪ ನಂದಿದುದನ್ನು ಕಂಡು ‘ಇಳಿಯಬೇಡ’ ಎಂದು ನಿರ್ಣಯಿಸುವ ಬುದ್ಧಿ ಬೇಕು. ಆ ನಿರ್ಣಯದಂತೆ ಹಗ್ಗವನ್ನು ಮೇಲಕ್ಕೆಳೆಯುವ ಕೈ ಬೇಕು. ಅರಿಯುವುದು, ನಿರ್ಣಯಿಸುವುದು, ಚಲಿಸುವುದು ಎಂಬ ಈ ಮೂರನ್ನೂ ಒಂದೇ ಯಂತ್ರದಲ್ಲಿ ಹೊಂದಿಸುವ ವಿದ್ಯೆಗೆ ‘ಮೆಕಾಟ್ರಾನಿಕ್ಸ್’ ಎಂದು ಹೆಸರು. ಯಂತ್ರವಿದ್ಯೆಯಾದ ಮೆಕ್ಯಾನಿಕ್ಸ್, ವಿದ್ಯುನ್ಮಾನ ವಿದ್ಯೆಯಾದ ಎಲೆಕ್ಟ್ರಾನಿಕ್ಸ್ ಎಂಬೆರಡು ಪದಗಳನ್ನು ಬೆಸೆದು ಜಪಾನಿನ ಯಾಸ್ಕಾವಾ ಕಂಪೆನಿಯ ಇಂಜಿನಿಯರರಾದ ಟೆಟ್ಸುರೊ ಮೋರಿ ಎಂಬವರು 1969ರಲ್ಲಿ ಈ ಹೆಸರನ್ನು ರೂಪಿಸಿದರು. ರೋಬೋಟು ಎಂಬ ಯಂತ್ರಮಾನವನು ಈ ವಿದ್ಯೆಯ ಕೂಸು. ಆ ‘ರೋಬೋಟ್’ ಎಂಬ ಪದವು ಇದಕ್ಕಿಂತಲೂ ಹಳೆಯದು; ಚೆಕ್ ನಾಟಕಕಾರ ಕಾರೆಲ್ ಚಾಪೆಕ್‌ನು 1920ರಲ್ಲಿ ಪ್ರಕಟಿಸಿದ ನಾಟಕದಿಂದ ಬಂದುದು. ಅವನ ಭಾಷೆಯ ‘ರೊಬೊಟಾ’ ಎಂಬುದಕ್ಕೆ ಸರಿಹೊಂದುವ ಮಾತು ನಮ್ಮ ಕನ್ನಡದಲ್ಲಿ ಬಹುಕಾಲದಿಂದ ಇದೆ. ಅದು ‘ಬಿಟ್ಟಿ ಚಾಕರಿ’. ಒಲ್ಲದ ಮನುಷ್ಯನಿಂದ ಬಲವಂತವಾಗಿ ಮಾಡಿಸುವ ದುಡಿಮೆಯೆಂದು ಅರ್ಥ. ನಾವು ಈಗ ಹೇಳಹೊರಟಿರುವ ಯಂತ್ರಕ್ಕೆ ಈ ಅರ್ಥವು ಎಷ್ಟು ಹತ್ತಿರದ್ದೆಂಬುದು ಮುಂದೆ ತಿಳಿದುಬರುವುದು.

ಪಟ್ಟಣಗಳ ರಸ್ತೆಯಡಿಯಲ್ಲಿ ಹರಿಯುವ ಒಳಚರಂಡಿಗೆ ಅಲ್ಲಲ್ಲಿ ಬಾಯಿಗಳಿವೆ. ಇವಕ್ಕೆ ಮ್ಯಾನ್‌ಹೋಲ್ ಎಂದು ಹೆಸರು. ಮನುಷ್ಯನು ಇಳಿಯುವ ತೂತು ಎಂಬ ಅರ್ಥವು ಆ ಹೆಸರಿನಲ್ಲಿಯೇ ಅಡಗಿದೆ. ಚರಂಡಿ ಕಟ್ಟಿಕೊಂಡಾಗ ಮನುಷ್ಯನನ್ನೇ ಇಳಿಸಿ ಕೆಸರನ್ನು ಬಾಚಿ ತೆಗೆಸುವುದು ನಮ್ಮ ದೇಶದ ಬಹುಪಾಲು ಪಟ್ಟಣಗಳಲ್ಲಿ ನಡೆದುಬಂದ ಕ್ರಮ. ಅದೂ ಎಲ್ಲ ಮನುಷ್ಯರನ್ನಲ್ಲ. ಜಾತಿಯ ಕಾರಣದಿಂದ ಈ ಕೆಲಸಕ್ಕೆ ಕಟ್ಟುಬಿದ್ದವರನ್ನು ಮಾತ್ರ.

ಆ ಗುಂಡಿಯೊಳಗಿನ ಗಾಳಿಯ ಸ್ವಭಾವವನ್ನು ಮಕ್ಕಳು ಚೆನ್ನಾಗಿ ತಿಳಿದುಕೊಳ್ಳಬೇಕು. ಕೊಳೆತ ಹೊಲಸಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುತ್ತದೆ. ಇದು ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿಯೇ ತಂಗುತ್ತದೆ. ಅತ್ಯಲ್ಪವಾಗಿದ್ದಾಗ ಕೊಳೆತ ಮೊಟ್ಟೆಯ ನಾತ ಬರುವುದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದರದು ನೂರು ಪಾಲನ್ನು ಮೀರಿತೆಂದರೆ ಮೂಗಿನ ಶಕ್ತಿಯೇ ಮಂಕಾಗಿ ನಾತವು ತಿಳಿಯದಂತಾಗುತ್ತದೆ. ಇಳಿದವನು ‘ಈಗ ವಾಸನೆ ಹೋಯಿತು’ ಎಂದು ಭಾವಿಸಿ ಇನ್ನೂ ಮುಂದುವರಿಯುವನು. ಸಾವಿರ ಪಾಲಿಗೆ ಏರಿದಾಗ ಒಂದೆರಡು ಉಸಿರಿನಲ್ಲಿಯೇ ಪ್ರಜ್ಞೆ ತಪ್ಪಿ ಬೀಳುವನು. ಕೂಗಲಿಕ್ಕೂ ಬಿಡುವಿರದು. ಹಾಗಾದರೆ ಅಜ್ಜನ ದೀಪವನ್ನು ಇಲ್ಲಿಯೂ ಇಳಿಸಿ ನೋಡಬಾರದೇ ಎಂದು ಯಾರಾದರೂ ಕೇಳಬಹುದು. ಖಂಡಿತ ಕೂಡದು. ಈ ವಿಷವಾಯುವು ಆಳನ್ನು ಕೊಲ್ಲುವಷ್ಟು ಇದ್ದಾಗಲೂ ದೀಪ ಉರಿಯುತ್ತಲೇ ಇರಬಹುದು. ಅದಲ್ಲದೆ ಚರಂಡಿಯಲ್ಲಿ ಮೀಥೇನ್ ಎಂಬ ಇನ್ನೊಂದು ಅನಿಲವೂ ಕೂಡಿಕೊಂಡಿರುವುದುಂಟು. ಅದು ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲಿನವರೆಗೆ ಬೆರೆತಿದ್ದರೆ ಒಂದು ಕಿಡಿಯಿಂದಲೇ ಸಿಡಿಯುತ್ತದೆ. ಬಾವಿಯಲ್ಲಿ ಪ್ರಾಣವುಳಿಸಿದ ದೀಪವೇ ಇಲ್ಲಿ ಪ್ರಾಣ ತೆಗೆಯಬಲ್ಲುದು.

2015ರ ನವೆಂಬರ್ ತಿಂಗಳಲ್ಲಿ ಕೋಳಿಕ್ಕೋಡು ನಗರದಲ್ಲಿ ಆಂಧ್ರಪ್ರದೇಶದಿಂದ ಬಂದಿದ್ದ ಇಬ್ಬರು ಕೆಲಸಗಾರರು ಮ್ಯಾನ್‌ಹೋಲಿನಲ್ಲಿ ಸಿಕ್ಕಿಬಿದ್ದರು. ಆ ದಾರಿಯಲ್ಲಿದ್ದ ಆಟೋರಿಕ್ಷಾ ಚಾಲಕನೊಬ್ಬನು ಅವರನ್ನು ಉಳಿಸಲೆಂದು ಒಳಗಿಳಿದನು. ಮೂವರೂ ಮೇಲೆ ಬರಲಿಲ್ಲ. ಗುರುತು ಪರಿಚಯವಿಲ್ಲದ ಪರಊರಿನವರಿಗಾಗಿ ಪ್ರಾಣ ಕೊಟ್ಟ ಆತನ ಸುದ್ದಿಯು ಕೇರಳವನ್ನೆಲ್ಲ ಕಲಕಿತು. ಮಲಪ್ಪುರಂ ಜಿಲ್ಲೆಯ ಕುಟ್ಟಿಪ್ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಮನುಷ್ಯನ ಮೈಮೇಲೆ ತೊಡುವ ಯಂತ್ರಕವಚವೊಂದನ್ನು ರಚಿಸಿದ್ದ ಕೆಲವು ಯುವಕರು ಈ ಗುಂಡಿಯ ಸಮಸ್ಯೆಯತ್ತ ತಮ್ಮ ವಿದ್ಯೆಯನ್ನು ತಿರುಗಿಸಿದರು. ಅವರು ಕಟ್ಟಿದ ಸಂಸ್ಥೆಯ ಹೆಸರು ಜೆನ್‌ರೋಬೋಟಿಕ್ಸ್. ಕೇರಳ ಜಲ ಪ್ರಾಧಿಕಾರದ ಹಾಗೂ ಸ್ಟಾರ್ಟಪ್ ಮಿಷನ್ನಿನ ನೆರವಿನಿಂದ ಅವರು ರಚಿಸಿದ ಯಂತ್ರವು 2018ರ ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ಬಳಕೆಗೆ ಬಂದಿತು.

ಯಂತ್ರಕ್ಕೆ ಅವರಿಟ್ಟ ಹೆಸರು ‘ಬ್ಯಾಂಡಿಕೂಟ್’. ಇದು ಇಂಗ್ಲಿಷಿನಂತೆ ಕಂಡರೂ ತೆಲುಗಿನ ‘ಪಂದಿಕೊಕ್ಕು’ ಎಂಬುದರಿಂದ ಹುಟ್ಟಿದ ಪದ. ಹಂದಿಯಂತಹ ಇಲಿಯೆಂದು ಅದರ ಅರ್ಥ. ಅಂದರೆ ನಮ್ಮ ತೋಟದ ಬದುವನ್ನು ತೂತು ಮಾಡುವ ಹೆಗ್ಗಣವೇ! ಚರಂಡಿಗಿಳಿಯುವ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರಕದು.

ಹೆಗ್ಗಣದ ರಚನೆಯಲ್ಲಿ ಎರಡು ಭಾಗಗಳಿವೆ. ಒಂದು, ಮ್ಯಾನ್‌ಹೋಲಿನ ಬಾಯಿಯ ಮೇಲೆ ನಿಲ್ಲುವ ಚೌಕಟ್ಟು. ಇನ್ನೊಂದು, ಅದರಿಂದ ಕೆಳಗೆ ತೂಗುತ್ತ ಇಳಿಯುವ ಯಂತ್ರ. ಇಳಿದ ಯಂತ್ರವು ತನ್ನ ನಾಲ್ಕು ಕಾಲುಗಳನ್ನು ಹರಡಿ ಭದ್ರವಾಗಿ ನಿಂತು, ಮನುಷ್ಯನ ತೋಳಿನಂತಹ ತೋಳನ್ನು ಚಾಚಿ ಹೂಳನ್ನು ಬಾಚಿ ಬಕೆಟ್ಟಿಗೆ ತುಂಬುತ್ತದೆ, ಬಕೆಟ್ಟು ಮೇಲೇರುತ್ತದೆ. ಕತ್ತಲಲ್ಲಿಯೂ ಕಾಣಬಲ್ಲ ಕ್ಯಾಮರಾಗಳು ಒಳಗಿನ ನೋಟವನ್ನು ಮೇಲಿನ ಪರದೆಗೆ ಕಳುಹಿಸುತ್ತವೆ. ಅನಿಲಗಳನ್ನು ಅಳೆಯುವ ಸಂವೇದಕಗಳು ಅಜ್ಜನ ದೀಪದ ಕೆಲಸವನ್ನು, ಬೆಂಕಿಯಿಲ್ಲದೆಯೇ, ಮಾಡುತ್ತವೆ. ದೇಹವನ್ನು ಹಗುರವೂ ಗಟ್ಟಿಯೂ ಆದ ಇಂಗಾಲದ ನಾರಿನಿಂದ ರಚಿಸಲಾಗಿದೆ. ಒದ್ದೆಯಿಂದ ಅದಕ್ಕೆ ತುಕ್ಕಿನ ಭಯವಿಲ್ಲ.

ಈ ಯಂತ್ರದ ಅಂಗಗಳು ಆಡುವುದು ಒತ್ತಿದ ಗಾಳಿಯ ಬಲದಿಂದ. ಬಸ್ಸಿನ ಬಾಗಿಲು ‘ಬುಸ್’ ಎಂದು ತೆರೆದು ಮುಚ್ಚುವುದನ್ನು ಮಕ್ಕಳು ಕಂಡಿದ್ದಾರಷ್ಟೆ? ಅದೇ ತತ್ತ್ವ. ಕೊಳವೆಯೊಳಗೆ ಗಾಳಿಯನ್ನು ಒತ್ತಿ ಬಿಟ್ಟಾಗ ಅದರಲ್ಲಿರುವ ಪಿಸ್ಟನ್ನು ಮುಂದಕ್ಕೆ ಸರಿಯುತ್ತದೆ. ಅದಕ್ಕೆ ಜೋಡಿಸಿದ ಕಾಲೋ ಕೈಯೋ ಚಾಚುತ್ತದೆ. ಗಾಳಿಯಿಂದ ಕಿಡಿ ಹಾರುವುದಿಲ್ಲವಾದುದರಿಂದ ಮೀಥೇನಿರುವ ತಾಣಕ್ಕೆ ಇದು ಬಹಳ ಒಪ್ಪುವ ಏರ್ಪಾಡು. ಆದರೆ ಇದರಲ್ಲಿ ಒಂದು ತೊಡಕುಂಟು. ಗಾಳಿಯು ಒತ್ತಿದರೆ ಕುಗ್ಗುವ, ಬಿಟ್ಟರೆ ಹಿಗ್ಗುವ ವಸ್ತು. ಆದಕಾರಣ ಗಾಳಿಯಿಂದ ನಡೆಯುವ ತೋಳನ್ನು ಬೇಕಾದ ಜಾಗದಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ನಿಲ್ಲಿಸುವುದು ಕಷ್ಟ. ವಿದ್ಯುತ್ ಮೋಟಾರಿನಲ್ಲಿ ಈ ಕಷ್ಟ ಕಡಿಮೆ. ಆದರೂ ಗುಂಡಿಯೊಳಗೆ ಈ ದೋಷವೇ ಒಂದು ಗುಣವಾಗಬಲ್ಲುದು. ತೋಳು ಗೋಡೆಗೆ ತಾಗಿದರೆ, ಕೆಸರಿನಡಿಯ ಕಲ್ಲಿಗೆ ಬಡಿದರೆ, ಒಳಗಿನ ಗಾಳಿಯು ಮೆತ್ತೆಯಂತೆ ಕುಗ್ಗಿ ಪೆಟ್ಟನ್ನು ತಾನು ನುಂಗಿಕೊಳ್ಳುತ್ತದೆ.

ಯಂತ್ರಮಾನವನೆಂದೊಡನೆ ತಾನಾಗಿಯೇ ಯೋಚಿಸಿ ನಡೆಯುವ ಆಕೃತಿಯು ನಮ್ಮ ಕಲ್ಪನೆಯಲ್ಲಿ ಮೂಡುತ್ತದೆ. ಹೆಗ್ಗಣವು ಹಾಗಲ್ಲ. 1961ರಲ್ಲಿ ಅಮೆರಿಕದ ನ್ಯೂಜರ್ಸಿಯ ಮೋಟಾರು ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ನಿಂತ ‘ಯುನಿಮೇಟ್’ ಎಂಬ ಯಂತ್ರಹಸ್ತವು ಅಚ್ಚಿನಿಂದ ಹೊರಬಂದ ಸುಡುವ ಲೋಹದ ತುಂಡುಗಳನ್ನು ಎತ್ತಿಡುತ್ತಿತ್ತು. ಪ್ರತಿಸಲವೂ ತುಂಡು ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬರುತ್ತಿದ್ದುದರಿಂದ ಕಲಿಸಿದ ಪಾಠವನ್ನೇ ಒಪ್ಪಿಸಿದರೆ ಸಾಕಾಗಿತ್ತು. ಚರಂಡಿಯಲ್ಲಿ ಒಂದು ಗುಂಡಿಯಂತೆ ಇನ್ನೊಂದಿಲ್ಲ. ಇಲ್ಲಿ ಹಳೆ ಬಟ್ಟೆ, ಅಲ್ಲಿ ಇಟ್ಟಿಗೆಯ ಚೂರು, ಮತ್ತೊಂದೆಡೆ ಗಟ್ಟಿಗೊಂಡ ಜಿಡ್ಡು. ಕೆಸರಿನೊಳಕ್ಕೆ ಕೈಹಾಕಿ ಇದು ಕಲ್ಲು, ಇದು ಚಿಂದಿ ಎಂದು ಮುಟ್ಟಿಯೇ ತಿಳಿಯುವ ನಮ್ಮ ಬೆರಳಿನ ಜಾಣ್ಮೆಯನ್ನು ಯಂತ್ರಕ್ಕೆ ಕಲಿಸುವುದು ಸಂಶೋಧಕರಿಗೆ ಇಂದಿಗೂ ದೊಡ್ಡ ಸವಾಲು. ಆದುದರಿಂದ ಇಲ್ಲಿ ನಿರ್ಣಯವನ್ನು ಮೇಲೆ ನಿಂತು ಪರದೆಯನ್ನು ನೋಡುವ ಮನುಷ್ಯನಿಗೇ ಬಿಡಲಾಗಿದೆ. ಇದನ್ನು ಕೊರತೆಯೆಂದು ನಾವು ಎಣಿಸುವುದಿಲ್ಲ. ಮೊದಲು ಗುಂಡಿಗಿಳಿಯುತ್ತಿದ್ದವರಿಗೇ ಈ ಯಂತ್ರವನ್ನು ನಡೆಸಲು ತರಬೇತು ಕೊಡಲಾಗಿದೆ. ಯಂತ್ರವೇ ಎಲ್ಲವನ್ನೂ ಮಾಡುವಂತಿದ್ದರೆ ಅವರು ಪ್ರಾಣದೊಡನೆ ಅನ್ನವನ್ನೂ ಉಳಿಸಿಕೊಳ್ಳುತ್ತಿದ್ದರೇ ಎಂದು ಕೇಳಬೇಕಾಗುತ್ತಿತ್ತು.

ಮನೆಗಳ ಸೆಪ್ಟಿಕ್ ಟ್ಯಾಂಕಿನದು ಬೇರೆಯೇ ಬಗೆಯ ತೊಡಕು. ಹೀರುವ ಲಾರಿಯು ಬಂದರೂ ಅದು ನೀರಾಗಿರುವುದನ್ನು ಹೀರುತ್ತದೆ. ತಳದಲ್ಲಿ ವರ್ಷಗಟ್ಟಲೆ ಕೂತು ಗಟ್ಟಿಯಾದ ಹೂಳು ಕೊಳವೆಗೆ ಬಾರದು. ಅದನ್ನು ಕದಡಲೆಂದೇ ಆಳನ್ನು ಇಳಿಸುವರು. ಮದರಾಸಿನ ಐ.ಐ.ಟಿ.ಯ ಪ್ರೊಫೆಸರ್ ಪ್ರಭು ರಾಜಗೋಪಾಲ್ ಅವರ ತಂಡವು ‘ಹೋಮೋಸೆಪ್’ ಎಂಬ ಯಂತ್ರವನ್ನು ಇದಕ್ಕಾಗಿಯೇ ರಚಿಸಿದೆ. ಮಡಿಸಿದ ಕೊಡೆಯಂತೆ ಟ್ಯಾಂಕಿನ ಕಿರುಬಾಯಿಯ ಮೂಲಕ ಇಳಿದು, ಒಳಗೆ ಅಲಗುಗಳನ್ನು ಬಿಚ್ಚಿಕೊಂಡು ತಿರುಗಿ, ಮಜ್ಜಿಗೆ ಕಡೆಯುವಂತೆ ಹೂಳನ್ನು ಕದಡಿ ತೆಳುಮಾಡುತ್ತದೆ. ಬಳಿಕ ಅದನ್ನು ಹೀರಿ ತೆಗೆಯಲಾಗುತ್ತದೆ. 2022ರಲ್ಲಿ ಇದರ ಮೊದಲ ಎರಡು ಯಂತ್ರಗಳನ್ನು ತಮಿಳುನಾಡಿನಲ್ಲಿ ಸ್ವಸಹಾಯ ಸಂಘಗಳ ವಶಕ್ಕೆ ಕೊಡಲಾಯಿತು. ಆ ಸಂಘಗಳನ್ನು ನಡೆಸುತ್ತಿದ್ದವರು ಇಂತಹ ಕೆಲಸದಲ್ಲಿಯೇ ಗಂಡಂದಿರನ್ನು ಕಳೆದುಕೊಂಡ ಹೆಣ್ಣುಮಕ್ಕಳು.

ಈ ಕಾರ್ಯದಲ್ಲಿ ಜೊತೆಗೂಡಿದ ಸಂಸ್ಥೆ ಸಫಾಯಿ ಕರ್ಮಚಾರಿ ಆಂದೋಲನ. ಅದರ ನಾಯಕರಾದ ಬೆಜವಾಡ ವಿಲ್ಸನ್‌ರು ಕರ್ನಾಟಕದ ಕೋಲಾರ ಚಿನ್ನದ ಗಣಿಯಲ್ಲಿ, ಇದೇ ಕೆಲಸಕ್ಕೆ ಕಟ್ಟುಬಿದ್ದ ಕುಟುಂಬದಲ್ಲಿ ಹುಟ್ಟಿದವರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಪಡೆದರು. ಕಾನೂನಿನ ಕೊರತೆಯೇನೂ ನಮ್ಮಲ್ಲಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿ 1970ರ ದಶಕದಲ್ಲಿಯೇ ನಿಲ್ಲಿಸಹೊರಟರು. ಕೇಂದ್ರದ ಕಾಯಿದೆಗಳು 1993ರಲ್ಲಿಯೂ 2013ರಲ್ಲಿಯೂ ಆದವು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಚಂದ್ರನ ಮೇಲೆ ಯಂತ್ರವಿಳಿಸುವ ದೇಶಕ್ಕೆ ರಸ್ತೆಯಡಿಯ ಗುಂಡಿಗೆ ಯಂತ್ರವಿಳಿಸುವುದು 2018ರವರೆಗೆ ತಡವಾದುದು ವಿಜ್ಞಾನ ಸಾಲದೆ ಎಂದು ನಮಗೆ ತೋರುವುದಿಲ್ಲ.

ನಮ್ಮ ಹಳ್ಳಿಗಳಿಗೆ ಈ ಯಂತ್ರಗಳು ಬರಲು ಇನ್ನೂ ಕಾಲ ಹಿಡಿಯಬಹುದು. ಆದರೆ ಟ್ಯಾಂಕುಗಳು ಮನೆಮನೆಯಲ್ಲಿಯೂ ಇವೆ. ಆದುದರಿಂದ ತಾಯ್ತಂದೆಗಳಲ್ಲಿ ಒಂದು ಮಾತು. ಟ್ಯಾಂಕು ತುಂಬಿದಾಗ ಹೀರುವ ಲಾರಿಯನ್ನೇ ಕರೆಯಿಸಿರಿ. ಕಡಿಮೆ ಕೂಲಿಗೆ ಇಳಿಯುತ್ತೇನೆಂದು ಯಾರೇ ಬಂದರೂ ಇಳಿಸಬೇಡಿರಿ. ಮುಚ್ಚಳ ತೆಗೆದ ಬಾಯಿಯ ಬಳಿ ಬೀಡಿ, ಬೆಂಕಿಪೆಟ್ಟಿಗೆ ಬೇಡ, ಮಕ್ಕಳೂ ಬೇಡ. ಯಾರಾದರೂ ಒಳಗೆ ಬಿದ್ದುದಾದರೆ, ಬಿದ್ದವನು ಒಡಹುಟ್ಟಿದವನೇ ಆಗಿದ್ದರೂ, ಹಿಂದೆಯೇ ಇಳಿಯಬಾರದು. ಕೋಳಿಕ್ಕೋಡಿನಲ್ಲಿ ಇಳಿದಾತನಿಗೆ ಧೈರ್ಯದ ಕೊರತೆಯಿರಲಿಲ್ಲ, ಉಸಿರಾಡಲು ಗಾಳಿಯಿರಲಿಲ್ಲ. 101 ಅಥವಾ 112ಕ್ಕೆ ಕರೆ ಮಾಡಿದರೆ ಅಗ್ನಿಶಾಮಕ ದಳದವರು ಬೆನ್ನಿಗೆ ಗಾಳಿಯ ಸಿಲಿಂಡರನ್ನೂ ಮುಖಕ್ಕೆ ಮುಖವಾಡವನ್ನೂ ತೊಟ್ಟು ಇಳಿಯುವರು. ಅವರು ಬರುವವರೆಗೆ ಮೇಲೆಯೇ ನಿಂತು, ಬಿದ್ದವನಿಗೆ ಅರಿವಿದ್ದರೆ ಹಗ್ಗವನ್ನು ಇಳಿಬಿಡಬಹುದು.