ಒಂದು ಮೈಲಿ ನಾಣ್ಯಗಳ ಕಲಾಕೇಂದ್ರ

ಅಮೆರಿಕದ ನಾಣ್ಯಗಳಲ್ಲಿ ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು ಡೈಮ್. ಅದರ ಬೆಲೆ ಹತ್ತು ಸೆಂಟ್, ಅಂದರೆ ಡಾಲರಿನ ಹತ್ತನೆಯ ಒಂದು ಪಾಲು. ಈ ನಾಣ್ಯಗಳನ್ನು ಒಂದಕ್ಕೊಂದು ತಾಗುವಂತೆ ನೆಲದ ಮೇಲೆ ಸಾಲಾಗಿ ಇಡುತ್ತ ಹೋದರೆ ಒಂದು ಮೈಲಿ ದೂರಕ್ಕೆ ಸುಮಾರು 90 ಸಾವಿರ ನಾಣ್ಯಗಳು ಬೇಕಾಗುತ್ತವೆ. ಒಟ್ಟು ಮೊತ್ತ ಸುಮಾರು ಒಂಬತ್ತು ಸಾವಿರ ಡಾಲರ್. ಇಂಥದೊಂದು ಮೈಲಿಯ ಕನಸು ಕಟ್ಟಿಕೊಂಡು, 1940ರ ಆಸುಪಾಸಿನಲ್ಲಿ ಷಿಕಾಗೊ ನಗರದ ದಕ್ಷಿಣ ಭಾಗದ ಕಪ್ಪು ಜನ ಬೀದಿಗಿಳಿದರು. ‘ಡೈಮುಗಳ ಮೈಲಿ’ ಎಂದೇ ಆ ಚಂದಾ ಅಭಿಯಾನದ ಹೆಸರು. ತರುಣ ಕಲಾವಿದರು ಕೈಯಲ್ಲಿ ಡಬ್ಬಿ ಹಿಡಿದು ರಸ್ತೆಯ ಮೂಲೆಗಳಲ್ಲಿ ನಿಂತರು. ತಮ್ಮದೇ ಆದ ಒಂದು ಕಲಾಕೇಂದ್ರಕ್ಕೆ ಮನೆ ಕೊಳ್ಳುವುದು ಅವರ ಉದ್ದೇಶವಾಗಿತ್ತು. ಹಾಗೆ ಹುಟ್ಟಿದ್ದು ‘ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್’.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಲ್ಲಿ ನೆನಪಾಗುವುದು ಸಹಜ. 1929ರಲ್ಲಿ ಆರಂಭವಾದ ಆರ್ಥಿಕ ಕುಸಿತದ ಬಿಸಿ ಇನ್ನೂ ಆರಿರಲಿಲ್ಲ. ಕೆಲಸ ಕಳೆದುಕೊಂಡವರ ಪೈಕಿ ಕಪ್ಪು ಜನರ ಪಾಲು ಬಿಳಿಯರಿಗಿಂತ ಹೆಚ್ಚಾಗಿತ್ತು. ಅಂಥ ಹೊತ್ತಿನಲ್ಲಿ ಚಿತ್ರ ಬರೆಯುವುದಕ್ಕೊಂದು ಮನೆ ಬೇಕೆಂದು ಒಂದು ಇಡೀ ಬಡಾವಣೆಗೆ ಏಕೆ ಅನ್ನಿಸಿತು? ಉತ್ತರಕ್ಕಾಗಿ ಆ ಬಡಾವಣೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನ ಹತ್ತಿಯ ಹೊಲಗಳನ್ನೂ ಅಲ್ಲಿನ ಜನಾಂಗ ದ್ವೇಷವನ್ನೂ ಬಿಟ್ಟು ಉತ್ತರದ ಕೈಗಾರಿಕಾ ನಗರಗಳತ್ತ ಗುಳೆ ಹೊರಟರು. ಚರಿತ್ರಕಾರರು ಇದನ್ನು ‘ಮಹಾ ವಲಸೆ’ ಎನ್ನುತ್ತಾರೆ. 1910ರಲ್ಲಿ ಷಿಕಾಗೊದಲ್ಲಿದ್ದ ಕಪ್ಪು ಜನರ ಸಂಖ್ಯೆ ಸುಮಾರು 44 ಸಾವಿರ. 1940ರ ಹೊತ್ತಿಗೆ ಅದು 2 ಲಕ್ಷ 77 ಸಾವಿರವನ್ನು ದಾಟಿತ್ತು. ಜನ ಬೆಳೆದಂತೆ ನೆಲ ಬೆಳೆಯಲಿಲ್ಲ. ಕಪ್ಪು ಜನರಿಗೆ ಮನೆ ಮಾರಕೂಡದು, ಬಾಡಿಗೆಗೂ ಕೊಡಕೂಡದು ಎಂದು ಬಿಳಿಯ ಮಾಲೀಕರು ತಮ್ಮತಮ್ಮಲ್ಲಿ ಕರಾರು ಬರೆದುಕೊಳ್ಳುತ್ತಿದ್ದ ಕಾಲವದು. ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ಅಲ್ಲಿಯವರೆಗೂ ಬಹುಪಾಲು ಕಪ್ಪು ಜನ ದಕ್ಷಿಣ ಷಿಕಾಗೊದ ಕಿರಿದಾದ ಪಟ್ಟಿಯೊಂದರಲ್ಲೇ ಕಿಕ್ಕಿರಿದು ಬಾಳಬೇಕಾಗಿತ್ತು. ‘ಬ್ರಾಂಜ್‌ವಿಲ್’ ಎಂದು ಹೆಸರಾದ ಆ ಪ್ರದೇಶದಲ್ಲಿ ಪತ್ರಿಕೆಗಳಿದ್ದವು, ವಿಮಾ ಕಂಪನಿಗಳಿದ್ದವು, ಸಂಗೀತದ ಕ್ಲಬ್ಬುಗಳಿದ್ದವು. ಚಿತ್ರಗಳನ್ನು ಇಟ್ಟು ತೋರಿಸುವುದಕ್ಕೆ ಮಾತ್ರ ಗೋಡೆ ಇರಲಿಲ್ಲ.

ನಗರದ ದೊಡ್ಡ ಕಲಾಶಾಲೆಯಾದ ಆರ್ಟ್ ಇನ್‌ಸ್ಟಿಟ್ಯೂಟ್ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿತ್ತು, ನಿಜ. ಆದರೆ ಕಲಿತು ಹೊರಬಂದವರ ಚಿತ್ರಗಳಿಗೆ ನಗರದ ಗ್ಯಾಲರಿಗಳ ಬಾಗಿಲು ತೆರೆಯುತ್ತಿದ್ದುದು ಅಪರೂಪ. ಮುಂದೆ ದೊಡ್ಡ ಹೆಸರು ಮಾಡಿದ ಚಾರ್ಲ್ಸ್ ವೈಟ್ ಅವರಿಗೆ ಶಾಲೆಯಲ್ಲಿದ್ದಾಗಲೇ ಎರಡು ಕಲಾಸಂಸ್ಥೆಗಳ ವಿದ್ಯಾರ್ಥಿವೇತನ ದೊರೆತಿತ್ತು. ಹುಡುಗ ಕಪ್ಪು ಬಣ್ಣದವನೆಂದು ತಿಳಿದ ಕೂಡಲೇ ಎರಡೂ ಕಡೆ ಅದನ್ನು ಹಿಂದಕ್ಕೆ ಪಡೆದರು. ಇಂಥ ತರುಣರು ಕಟ್ಟಿಕೊಂಡ ‘ಆರ್ಟ್ ಕ್ರಾಫ್ಟ್ಸ್ ಗಿಲ್ಡ್’ ಎಂಬ ಸಂಘ ಮನೆಮನೆಗಳಲ್ಲಿ ಸೇರುತ್ತಿತ್ತು. ಅವರ ಏರ್ಪಾಡು ಸರಳವಾಗಿತ್ತು. ಎಲ್ಲರೂ ಸೇರಿ ಹಣ ಕೂಡಿಸಿ ತಮ್ಮಲ್ಲೊಬ್ಬರನ್ನು ಕಲಾಶಾಲೆಯ ತರಗತಿಗೆ ಕಳುಹಿಸುವುದು. ಹೋದವರು ಕಲಿತುಬಂದು ಉಳಿದವರಿಗೆ ಹೇಳಿಕೊಡುವುದು. ಕೇಂದ್ರದ ಬೀಜ ಇದ್ದುದು ಈ ಏರ್ಪಾಡಿನಲ್ಲಿ.

ಆ ಬೀಜಕ್ಕೆ ನೀರು ಬಂದದ್ದು ಸರ್ಕಾರದ ಕಡೆಯಿಂದ. ನಿರುದ್ಯೋಗ ನಿವಾರಣೆಗಾಗಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರ 1935ರಲ್ಲಿ ಬೃಹತ್ ಕಾಮಗಾರಿ ಯೋಜನೆಯೊಂದನ್ನು ಕೈಗೊಂಡಿತು. ರಸ್ತೆ, ಸೇತುವೆಗಳ ಜೊತೆಗೆ ಕಲಾವಿದರಿಗೂ ಕೆಲಸ ಕೊಡುವ ‘ಫೆಡರಲ್ ಆರ್ಟ್ ಪ್ರಾಜೆಕ್ಟ್’ ಅದರ ಒಂದು ಶಾಖೆ. ಕಲಾವಿದರೂ ಎಲ್ಲರಂತೆ ಉಣ್ಣಬೇಕು ತಾನೆ ಎಂಬುದು ಆ ಯೋಜನೆಯ ಮುಖ್ಯಸ್ಥ ಹ್ಯಾರಿ ಹಾಪ್ಕಿನ್ಸ್ ಅವರ ವಾದವಾಗಿತ್ತು. ಈ ಶಾಖೆಯ ನೆರವಿನಿಂದ ದೇಶದಾದ್ಯಂತ ನೂರಕ್ಕೂ ಹೆಚ್ಚು ಸಮುದಾಯ ಕಲಾಕೇಂದ್ರಗಳು ಹುಟ್ಟಿದವು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1937ರಲ್ಲಿ ತೆರೆದ ಕೇಂದ್ರಕ್ಕೆ ಶಿಲ್ಪಿ ಆಗಸ್ಟಾ ಸ್ಯಾವೇಜ್ ಮೊದಲ ನಿರ್ದೇಶಕಿಯಾಗಿದ್ದರು.

ಈ ಕೇಂದ್ರಗಳಿಗೆ ಒಂದು ಷರತ್ತಿತ್ತು. ಶಿಕ್ಷಕರ ಮತ್ತು ಸಿಬ್ಬಂದಿಯ ಸಂಬಳ ಸರ್ಕಾರದ್ದು. ಜಾಗ, ದೀಪ, ನೀರು ಮುಂತಾದ ಖರ್ಚು ಊರಿನವರದು. ಸರ್ಕಾರದ ಹೊರೆ ಇಳಿಸುವುದಕ್ಕೆಂದು ಮಾಡಿದ ಈ ನಿಯಮವೇ ಷಿಕಾಗೊ ಕೇಂದ್ರದ ಆಯುಸ್ಸನ್ನು ಮುಂದೆ ನಿರ್ಧರಿಸಿತು.

1938ರಲ್ಲಿ ಬ್ರಾಂಜ್‌ವಿಲ್‌ನ ಕಲಾವಿದರು, ಸಮಾಜ ಸೇವಕಿಯರು, ಪತ್ರಕರ್ತರು, ವ್ಯಾಪಾರಸ್ಥರು ಒಟ್ಟು ಕುಳಿತು ಮಾತುಕತೆ ಆರಂಭಿಸಿದರು. ಕಪ್ಪು ಕಲಾವಿದರ ಕೃತಿಗಳನ್ನು ತಮ್ಮ ಗ್ಯಾಲರಿಯಲ್ಲಿ ತೋರಿಸುತ್ತಿದ್ದ ಬಿಳಿಯರಾದ ಪೀಟರ್ ಪೊಲಾಕ್ ಅವರೂ ಜೊತೆಗೂಡಿದರು. ಮುಂದೆ ಅವರೇ ಕೇಂದ್ರದ ಮೊದಲ ನಿರ್ದೇಶಕರಾದರು. ಹಣ ಕೂಡಿಸಲು ಡಬ್ಬಿ ಹಿಡಿದು ನಿಂತವರಲ್ಲಿ ಇಪ್ಪತ್ತರ ಹರೆಯದ ಮಾರ್ಗರೆಟ್ ಎಂಬ ಯುವತಿಯೂ ಒಬ್ಬರು. ಮುಂದೆ ಮಾರ್ಗರೆಟ್ ಬರೋಸ್ ಎಂದು ಪ್ರಸಿದ್ಧರಾದವರು ಅವರೇ. 1939ರ ಅಕ್ಟೋಬರಿನಲ್ಲಿ ಸವಾಯ್ ನೃತ್ಯಶಾಲೆಯಲ್ಲಿ ಕೇಂದ್ರದ ಸಹಾಯಾರ್ಥ ‘ಕಲಾವಿದರ ಮತ್ತು ರೂಪದರ್ಶಿಗಳ ನೃತ್ಯಕೂಟ’ ನಡೆಯಿತು. ಚಾರ್ಲ್ಸ್ ವೈಟ್ ಅವರ ‘ಐವರು ಮಹಾನ್ ಅಮೆರಿಕನ್ ನೀಗ್ರೊಗಳು’ ಎಂಬ ದೊಡ್ಡ ಚಿತ್ರ ಬೆಳಕು ಕಂಡದ್ದು ಅಲ್ಲಿಯೇ. ಆ ಐವರು ಯಾರಾಗಬೇಕೆಂದು ತೀರ್ಮಾನಿಸಿದವರು ‘ಷಿಕಾಗೊ ಡಿಫೆಂಡರ್’ ಪತ್ರಿಕೆಯ ಓದುಗರು. ಚಿತ್ರದ ವಸ್ತುವನ್ನು ಜನರೇ ಮತ ಹಾಕಿ ಆರಿಸಿದ ಈ ಸಂಗತಿ, ಕೇಂದ್ರದ ಹೆಸರಿನಲ್ಲಿರುವ ‘ಸಮುದಾಯ’ ಎಂಬ ಮಾತಿಗೆ ಒಳ್ಳೆಯ ವ್ಯಾಖ್ಯಾನದಂತಿದೆ.

ಕೊಂಡದ್ದು ಮಿಷಿಗನ್ ಅವೆನ್ಯೂ ರಸ್ತೆಯ 3831ನೆಯ ಸಂಖ್ಯೆಯ ಮನೆ. 1890ರ ದಶಕದಲ್ಲಿ ಧಾನ್ಯ ವ್ಯಾಪಾರಿಯೊಬ್ಬರು ಕಟ್ಟಿಸಿದ ಬಂಗಲೆಯದು. ಸಿರಿವಂತರು ಆ ರಸ್ತೆಯನ್ನು ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಬೆಲೆ ಸುಮಾರು ಎಂಟು ಸಾವಿರ ಡಾಲರ್. ಜರ್ಮನಿಯ ಬೌಹೌಸ್ ಕಲಾಶಾಲೆಯ ಪರಂಪರೆಯನ್ನು ಮುಂದುವರಿಸಲು 1937ರಲ್ಲಿ ಷಿಕಾಗೊದಲ್ಲಿ ‘ನ್ಯೂ ಬೌಹೌಸ್’ ಆರಂಭವಾಗಿತ್ತು. ಅದರ ಇಬ್ಬರು ವಿನ್ಯಾಸಕಾರರಾದ ಹಿನ್ ಬ್ರೆಡೆನ್‌ಡೀಕ್ ಮತ್ತು ನೇಥನ್ ಲರ್ನರ್ ಮನೆಯ ಒಳಭಾಗಕ್ಕೆ ಹೊಸ ರೂಪ ಕೊಟ್ಟರು. ಚಿತ್ರ ತೂಗುಹಾಕುವುದಕ್ಕೆ ಅನುಕೂಲವಾಗಲೆಂದು ಗ್ಯಾಲರಿಯ ಗೋಡೆಗಳಿಗೆ ಮರದ ಹಲಗೆ ಹೊದಿಸಿದರು. ಹೊರಗೆ ಹಳೆಯ ಸಿರಿವಂತಿಕೆ, ಒಳಗೆ ಆ ಕಾಲದ ಅತ್ಯಾಧುನಿಕ ವಿನ್ಯಾಸ!

1940ರ ಡಿಸೆಂಬರ್ 15ರಂದು ಸ್ಥಳೀಯ ಕಲಾವಿದರ ಪ್ರದರ್ಶನದೊಂದಿಗೆ ಬಾಗಿಲು ತೆರೆಯಿತು. 1941ರ ಮೇ 7ರಂದು ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ವಿಧ್ಯುಕ್ತವಾಗಿ ಕೇಂದ್ರವನ್ನು ಲೋಕಾರ್ಪಣೆ ಮಾಡಿದರು. ಕಪ್ಪು ಜನರ ಸಾಂಸ್ಕೃತಿಕ ಚಿಂತನೆಗೆ ದಾರಿ ತೋರಿದ ವಿದ್ವಾಂಸ ಅಲೆನ್ ಲಾಕ್ ಅವರೂ ಬಂದಿದ್ದರು. ಬಡಾವಣೆಗೆ ಅದು ದೊಡ್ಡ ಹಬ್ಬ. ಆದರೆ ಹಬ್ಬದ ನಡುವೆ ಅಸಮಾಧಾನವೂ ಇತ್ತು. ಗಣ್ಯರೂ ಹಣವಂತರೂ ಮುಂದಿನ ಸಾಲಿನಲ್ಲಿ ಕುಳಿತು, ಬೀದಿಯಲ್ಲಿ ನಿಂತು ದುಡಿದ ಕಲಾವಿದರು ಮೂಲೆಗೆ ಸರಿದರೆಂಬ ನೋವನ್ನು ಮಾರ್ಗರೆಟ್ ಬರೋಸ್ ಮುಂದೆ ಬರೆದಿಟ್ಟಿದ್ದಾರೆ. ಕಲಾಕೇಂದ್ರ ಕಲಾವಿದರದೋ, ಅದನ್ನು ಪೋಷಿಸುವವರದೋ ಎಂಬ ಪ್ರಶ್ನೆ ಹುಟ್ಟಿದ ದಿನದಿಂದಲೇ ಆ ಮನೆಯೊಳಗೆ ಇತ್ತು.

ಪ್ರಶ್ನೆ ಏನೇ ಇರಲಿ, ಕೆಲಸ ಭರದಿಂದ ಸಾಗಿತು. ಚಿತ್ರಕಲೆ, ಶಿಲ್ಪ, ಛಾಯಾಗ್ರಹಣ, ಮುದ್ರಣಕಲೆಗಳ ತರಗತಿಗಳು ಮಕ್ಕಳಿಗೂ ದೊಡ್ಡವರಿಗೂ ಉಚಿತವಾಗಿ ನಡೆದವು. ರೈಲಿನ ಊಟದ ಬೋಗಿಯಲ್ಲಿ ಮಾಣಿಯಾಗಿದ್ದು, ಗಿರವಿ ಅಂಗಡಿಯಲ್ಲಿ ಕೊಂಡ ಕ್ಯಾಮೆರಾದಿಂದ ತಾವಾಗಿಯೇ ಕಲಿತ ಗಾರ್ಡನ್ ಪಾರ್ಕ್ಸ್ ಅವರಿಗೆ ಕೇಂದ್ರದ ನೆಲಮಾಳಿಗೆಯಲ್ಲಿ ಫೋಟೊ ತೊಳೆಯುವ ಕತ್ತಲೆಕೋಣೆ ದೊರೆಯಿತು. ಅಲ್ಲಿದ್ದುಕೊಂಡು ಬಡಾವಣೆಯ ಬದುಕನ್ನು ಚಿತ್ರಿಸಿದ ಅವರಿಗೆ 1942ರಲ್ಲಿ ರೋಸನ್‌ವಾಲ್ಡ್ ಫೆಲೋಶಿಪ್ ಬಂತು. ವಿಶ್ವದ ಶ್ರೇಷ್ಠ ಛಾಯಾಗ್ರಾಹಕರ ಸಾಲಿಗೆ ಸೇರಿದ ಅವರ ಪಯಣಕ್ಕೆ ಅದು ದೊಡ್ಡ ಮೆಟ್ಟಿಲಾಯಿತು. ಶಿಲ್ಪಿ ಎಲಿಜಬೆತ್ ಕ್ಯಾಟ್ಲೆಟ್ 1941ರಲ್ಲಿ ಕಲ್ಲಚ್ಚಿನ ಮುದ್ರಣ ಕಲಿತದ್ದು ಇಲ್ಲಿಯೇ. ಇಲ್ಲಿ ನಡೆದ ಕಾವ್ಯ ಕಮ್ಮಟದಲ್ಲಿ ಕುಳಿತು ಕಲಿತ ಗ್ವೆಂಡೊಲಿನ್ ಬ್ರೂಕ್ಸ್, 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಸಾಹಿತಿಯಾದರು.

ಅಷ್ಟರಲ್ಲಿ ಯುದ್ಧ ಬಂತು. ಕಾರ್ಖಾನೆಗಳಲ್ಲಿ ಕೆಲಸ ಹೆಚ್ಚಿತು. ನಿರುದ್ಯೋಗ ನಿವಾರಣೆಯ ಯೋಜನೆ ಸರ್ಕಾರಕ್ಕೆ ಬೇಡವಾಯಿತು. 1943ರಲ್ಲಿ ಅದು ಮುಗಿದಾಗ ಶಿಕ್ಷಕರ ಸಂಬಳವೂ ನಿಂತಿತು. ಸರ್ಕಾರದ ಹಣವನ್ನೇ ನೆಚ್ಚಿಕೊಂಡಿದ್ದ ಕೇಂದ್ರಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೆಸರಾಂತ ಹಾರ್ಲೆಮ್ ಕೇಂದ್ರವೂ ಉಳಿಯಲಿಲ್ಲ. ಷಿಕಾಗೊದಲ್ಲೂ ಸಂಬಳ ನಿಂತಿತು, ತರಗತಿಗಳು ಸೊರಗಿದವು. ಆದರೆ ಮನೆಯನ್ನು ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ, ಏಕೆಂದರೆ ಅದು ಊರಿನವರದೇ ಸ್ವತ್ತು. ಸೂರು ಇದ್ದುದರಿಂದ ಕಲಾವಿದರು ಸಂಬಳವಿಲ್ಲದೆಯೂ ಪಾಠ ಹೇಳಿದರು. ಮಹಿಳೆಯರು ಸಹಾಯಾರ್ಥ ಕೂಟಗಳನ್ನು ನಡೆಸಿ ದೀಪದ ಖರ್ಚಿಗೆ ದಾರಿ ಮಾಡಿದರು. ಹನಿಹನಿ ಕೂಡಿದರೆ ಹಳ್ಳ ಎಂಬ ಮಾತು ಮತ್ತೊಮ್ಮೆ ನಿಜವಾಯಿತು.

ಮುಂದಿನ ದಿನಗಳು ಸುಗಮವಾಗಿದ್ದವೆಂದೇನೂ ಅಲ್ಲ. ಕಮ್ಯುನಿಸ್ಟರೆಂಬ ಗುಮಾನಿ ದೇಶವನ್ನೆಲ್ಲ ಕಾಡಿದ 1950ರ ದಶಕದಲ್ಲಿ ಮಾರ್ಗರೆಟ್ ಬರೋಸ್ ಸೇರಿದಂತೆ ಕೆಲವು ಕಲಾವಿದರು, ತಾವೇ ಕಟ್ಟಿದ ಸಂಸ್ಥೆಯಿಂದ ದೂರವಾಗಬೇಕಾಯಿತು. ಬರೋಸ್ ಸುಮ್ಮನಿರಲಿಲ್ಲ. 1961ರಲ್ಲಿ ಅದೇ ರಸ್ತೆಯ ಎದುರು ಬದಿಯ ತಮ್ಮ ಮನೆಯಲ್ಲಿ ಕಪ್ಪು ಜನರ ಚರಿತ್ರೆಯ ವಸ್ತುಸಂಗ್ರಹಾಲಯವೊಂದನ್ನು ತೆರೆದರು. ಅದೇ ಇಂದಿನ ಡುಸಾಬಲ್ ಮ್ಯೂಸಿಯಂ. ಸಂಸ್ಥೆಯಿಂದ ದೂರವಾದವರೂ ಸಂಸ್ಥೆ ಕಟ್ಟುವ ವಿದ್ಯೆಯನ್ನು ಅದರಿಂದಲೇ ಕಲಿತಿದ್ದರು.

ಕೇಂದ್ರಕ್ಕೆ ಮನ್ನಣೆ ಬಂದದ್ದು ತಡವಾಗಿ. 1994ರಲ್ಲಿ ಷಿಕಾಗೊ ನಗರ ಈ ಕಟ್ಟಡವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತು. 2017ರಲ್ಲಿ ಅಲ್ಲಿನ ಸ್ಮಾರಕ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್ ಇದನ್ನು ದೇಶದ ಸಂಪತ್ತುಗಳ ಪಟ್ಟಿಗೆ ಸೇರಿಸಿತು. ಗ್ಯಾಲರಿಯ ಮರದ ಹಲಗೆಗಳ ತುಂಬ ಮೊಳೆ ಹೊಡೆದ ತೂತುಗಳಿವೆ. ದಶಕಗಳಿಂದ ಅಲ್ಲಿ ಚಿತ್ರ ತೂಗುಹಾಕಿದವರೆಲ್ಲರ ಗುರುತು ಅವು.

ಹೊಸ ಕಲಾಕೇಂದ್ರ ಎಲ್ಲಿ ಹುಟ್ಟಿದರೂ ಜನ ಸಂಭ್ರಮಿಸುತ್ತಾರೆ, ಸಂಭ್ರಮಿಸಬೇಕಾದದ್ದೇ. ಆದರೆ ನೂರಕ್ಕೂ ಹೆಚ್ಚು ಕೇಂದ್ರಗಳ ಪೈಕಿ ಷಿಕಾಗೊದ ಈ ಕೇಂದ್ರ ತಾನು ಹುಟ್ಟಿದ ಮನೆಯನ್ನು ಎಂಟು ದಶಕಗಳ ಮೇಲೂ ತನ್ನದಾಗಿಯೇ ಉಳಿಸಿಕೊಂಡಿದ್ದು ಉದ್ಘಾಟನೆಗೆ ಬಂದವರ ದೊಡ್ಡಸ್ತಿಕೆಯಿಂದಲ್ಲ. ಸರ್ಕಾರ ಶಿಕ್ಷಕರನ್ನು ಕೊಟ್ಟಿತ್ತು, ಆ ನೆರವು ಸುಮಾರು ಎಂಟು ವರ್ಷವಷ್ಟೇ ಬಾಳಿದ ಯೋಜನೆಯೊಂದರದು. ಮನೆಯನ್ನು ಕೊಂಡವರು ದಾರಿಯಲ್ಲಿ ಹೋಗುತ್ತ ಡಬ್ಬಿಗೆ ಹತ್ತು ಸೆಂಟ್ ಹಾಕಿದ ಜನ. ತಾವು ಹಣ ಹಾಕಿದ್ದನ್ನು ಅಷ್ಟು ಸುಲಭವಾಗಿ ಮುಚ್ಚಿಹೋಗಲು ಅವರು ಬಿಡಲಿಲ್ಲ.